ಮುರುಗೇಶಣ್ಣನ ಅಕ್ಷರಚಿತ್ರಗಳು

ಸೆಲ್ವಿ, ನಿಮ್ಮ ತಂದೆಯ ಚಿತ್ರಗಳು ಕಳೆದುಹೋಗಿರಲಿಲ್ಲ. ಒಂಬತ್ತು ವರ್ಷ ಅವು ನನ್ನ ಬೀರುವಿನಲ್ಲೇ ಇದ್ದವು — ನಾನು ಸುಳ್ಳು ಹೇಳಿದೆ.

ತೊಂಬತ್ತೇಳರಲ್ಲಿ ಸವಳಂಗ ರಸ್ತೆಯಲ್ಲಿ ಡಿಟಿಪಿ ಅಂಗಡಿ ತೆರೆದಾಗ ನಾನು ಕಲಿತದ್ದು ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಅಷ್ಟೇ. ಬಾಯಿ ಮಾತ್ರ ದೊಡ್ಡದು. ಮುರುಗೇಶಣ್ಣ ಭದ್ರಾವತಿಯ ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಕಾಲೊನಿಯ ಮಕ್ಕಳಿಗೆಂದು ಅಕ್ಷರಕ್ಕೊಂದರಂತೆ ಚಿತ್ರ ಬರೆದು ತಂದಿದ್ದರು. ಅ — ಅಚ್ಚು, ಇ — ಇಕ್ಕಳ, ಉ — ಉಳಿ. "ಆನೆ, ಇಲಿ ಎಲ್ಲಾ ಪುಸ್ತಕದಲ್ಲೂ ಇದೆ ತಮ್ಮಾ. ನಮ್ಮ ಮಕ್ಕಳು ಅಪ್ಪನ ಕೈಯಲ್ಲಿ ನೋಡೋದು ಇದನ್ನೇ" ಎಂದರು. ಮನೆಯಲ್ಲಿ ತಮಿಳಾಡುವ ಮನುಷ್ಯ, ಕನ್ನಡವನ್ನು ಎಷ್ಟು ದುಂಡಗೆ ಬರೆದಿದ್ದರು! "ಒಂದು ತಿಂಗಳಲ್ಲಿ ಪುಸ್ತಕ ಮಾಡ್ಕೊಡ್ತೀನಿ" ಎಂದೆ.

ಆಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ತಿದ್ದಲು ಹೋದಂತೆ ಅವರ ಗೆರೆಗಳು ಮುರಿದವು, ಬಣ್ಣ ರಾಡಿಯಾಯಿತು. ಇಕ್ಕಳ ಏಡಿಯಂತೆ ಕಂಡಿತು. ನನಗೆ ಬರುವುದಿಲ್ಲ ಎಂದು ಹಿಂದಿರುಗಿಸಿದ್ದರೆ — ಸಾಕಿತ್ತು. ಆದರೆ ಪ್ರತಿ ಶನಿವಾರ ಅವರು ಬಸ್ಸಿಳಿದು ಬಂದು ಬೆಂಚಿನ ಮೇಲೆ ಕೂರುವಾಗ "ಮುಂದಿನ ವಾರ" ಎಂದುಬಿಡುತ್ತಿದ್ದೆ. ಕೊನೆಗೆ ಹೇಳಿಬಿಟ್ಟೆ: "ಪ್ರೆಸ್ಸಿಗೆ ಕೊಟ್ಟಿದ್ದೆ ಮುರುಗೇಶಣ್ಣ, ಅವರು ಕಟ್ಟು ಕಳೆದುಬಿಟ್ಟಿದ್ದಾರೆ."

ಅವರು ಬೆಂಚಿನಿಂದ ಎದ್ದರು. ಆಮೇಲೆ ನನ್ನ ಭುಜ ತಟ್ಟಿ, "ಬೇಜಾರ್ ಮಾಡ್ಕೋಬೇಡ ತಮ್ಮಾ, ಬೇಕೂಂತ ಯಾರು ಕಳೀತಾರೆ?" ಎಂದು — ನನಗೇ ಸಮಾಧಾನ ಹೇಳಿ — ಹೊರಟುಹೋದರು.

ಅಂಗಡಿ ನಡೆಯಲಿಲ್ಲ. ವಿದ್ಯಾನಗರದ ಒಂದು ಮುದ್ರಣಾಲಯ ಸೇರಿ ಅಲ್ಲಿ ನಿಜವಾಗಿ ಕೆಲಸ ಕಲಿತೆ. ಹೋದ ಬೇಸಿಗೆಯಲ್ಲಿ ಆ ಕಟ್ಟು ಬಿಚ್ಚಿದೆ. ಈ ಸಲ ಅವರ ಗೆರೆಗಳನ್ನು ತಿದ್ದಲು ಹೋಗಲಿಲ್ಲ. ಬಣ್ಣದ ಪೆನ್ಸಿಲ್ಲಿನ ಒರಟುತನವನ್ನು ಹಾಗೇ ಉಳಿಸಿ, ಸುತ್ತ ಧಾರಾಳವಾಗಿ ಜಾಗ ಬಿಟ್ಟೆ. ಎಂಟು ದಿನ. ಒಂಬತ್ತು ವರ್ಷ ಬಚ್ಚಿಟ್ಟದ್ದು ಎಂಟೇ ದಿನದಲ್ಲಿ ಪುಸ್ತಕವಾಯಿತು.

ಅದನ್ನು ಹಿಡಿದು ಭದ್ರಾವತಿಗೆ ಬಂದೆ. ಅವರು ತೀರಿಕೊಂಡು ಮೂರು ವರ್ಷವಾಯಿತೆಂದು ಬಾಗಿಲಲ್ಲೇ ನೀವು ಹೇಳಿದಿರಿ. ಪುಸ್ತಕ ನೋಡಿ, "ಸಿಕ್ತಾ ಅಣ್ಣ?" ಎಂದಿರಿ. "ಪ್ರೆಸ್ಸಿನ ಹಳೇ ಕಪಾಟಲ್ಲಿ ಸಿಕ್ತು" ಎಂದೆ — ಮತ್ತೊಂದು ಸುಳ್ಳು.

ನೀವು ಪುಟ ತಿರುಗಿಸುತ್ತ ಅತ್ತಿರಿ. "ಅಪ್ಪ ಮತ್ತೆ ಬರೆಯೋಕೆ ಕೂತಿದ್ರು. ಕೈ ನಡುಗೋದು, ಹರಿದು ಹಾಕೋರು. ಒಂದು ಜೆರಾಕ್ಸ್ ತೆಗೆಸಿಟ್ಕೋಬೇಕಿತ್ತು, ಎಲ್ಲಾ ನಾನೇ ಕೆಡಿಸಿದೆ ಅಂತ ಕೊನೇವರೆಗೂ ಕೊರಗ್ತಿದ್ರು ಅಣ್ಣ." ಆಮೇಲೆ ನನ್ನ ಕೈಹಿಡಿದು, "ನಿಮ್ಮಿಂದಾದ್ರೂ ಆಯ್ತಲ್ಲ" ಎಂದು ಕಾಫಿ ತಂದುಕೊಟ್ಟಿರಿ. ನಾನು — ಅದನ್ನೂ ಕುಡಿದೆ.

ಈ ಕಾಗದದ ಜೊತೆ ಮೂಲಚಿತ್ರಗಳಿವೆ. ಅವರು ಏನನ್ನೂ ಕೆಡಿಸಿರಲಿಲ್ಲ, ಸೆಲ್ವಿ. ಈ ಮಾತನ್ನು ಕೇಳಬೇಕಾದವರು... ಪುಸ್ತಕದ ಕೊನೆಯ ಪುಟದಲ್ಲಿ, ವಿನ್ಯಾಸ ಎಂಬಲ್ಲಿ, ನನ್ನ ಹೆಸರಿದೆ. ದಯವಿಟ್ಟು ಅಳಿಸಿಬಿಡಿ.