ಒಬ್ಬರ ಒಪ್ಪಿಗೆ

ಧನಕವಡಿಯ ಮನೆಯಿಂದ ಬಸ್ಸಿನಲ್ಲಿ ನಿಂತೇ ಬಂದು, ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತಿದ್ದೆ. ನನ್ನ ಪಿಎಚ್‌ಡಿ ವಿದ್ಯಾರ್ಥಿನಿಯ ಪ್ರಸ್ತಾವ ಸಲ್ಲಿಸಲು ಅಂದೇ ಕೊನೆಯ ದಿನ. ಜನ ಸರ್ಕಾರವನ್ನು ಒಪ್ಪಿಕೊಂಡಿದ್ದಾರೆ ಎಂದು ಯಾವಾಗ ಹೇಳಬಹುದು ಎಂಬುದು ಅವಳ ವಿಷಯ. ‘ಎಷ್ಟು ಜನರನ್ನು ಸಂದರ್ಶಿಸುತ್ತೀರಿ?’ ಎಂಬ ಕಲಂ ತುಂಬದೆ ಫಾರ್ಮು ಮುಂದೆ ಹೋಗಲೊಲ್ಲದು. ಸೊನ್ನೆ ಹಾಕಿದರೆ ಕೆಂಪಗಾಗುತ್ತಿತ್ತು.

ಗುಮಾಸ್ತ ಕುಲಕರ್ಣಿಯವರನ್ನು ಕರೆದೆ. ಬೆಳಗಾವಿ ಕಡೆಯವರು, ಎಲ್ಲರೊಡನೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ. ರಾಜಕೀಯ ಸಿದ್ಧಾಂತದಲ್ಲಿ ಕೆಲವರು ಜನರನ್ನು ಕೇಳುತ್ತಾರೆ, ಕೆಲವರು ಹಳೆಯ ಗ್ರಂಥ ಬಿಡಿಸುತ್ತಾರೆ, ಇವಳು ಯಾರನ್ನೂ ಕೇಳದೆ ಬರೀ ವಾದ ಕಟ್ಟುತ್ತಾಳೆ ಎಂದು ವಿವರಿಸಿದೆ. ವರ್ಷಕ್ಕೊಮ್ಮೆ ಯಾರಿಗಾದರೂ ಇದನ್ನು ವಿವರಿಸುವುದು ನನಗೆ ತಪ್ಪಿದ್ದಲ್ಲ.

“ಮಂದಿ ಒಪ್ಪಿಗಿ ಬಗ್ಗೆ ಬರೀತಾರ, ಮಂದೀನ್ನ ಕೇಳೂದಿಲ್ಲೇನ್ರಿ?” ಎಂದರು.

ವಾದಿಸುವ ತ್ರಾಣ ಇರಲಿಲ್ಲ.

“ಒಂದು ಅಂತ ಹಾಕ್ರಿ ಸರ. ನನ್ನ ಕೇಳ್ರಿ.”

“ಸರ್ಕಾರ ನಿಮ್ಮನ್ನ ಆಳಾಕ ನಿಮ್ಮ ಒಪ್ಪಿಗಿ ಅದ ಏನ್ರಿ?” ಎಂದು ಕೇಳಿದೆ.

“ಯಾರೂ ಕೇಳಿಲ್ರಿ. ನಾನೂ ಒಲ್ಲೆ ಅಂದಿಲ್ಲ,” ಎಂದು ಚಹಾಕ್ಕೆ ಎದ್ದುಹೋದರು.

ವಿದ್ಯಾರ್ಥಿನಿ ಒಂದು ವರ್ಷ ಓದಿ ಬಂದು ನಿಂತದ್ದೂ ಅಲ್ಲೇ.

ಒಂದು ಎಂದು ಹಾಕಿದೆ. ಮುಂದಿನ ಪುಟ ತೆರೆಯಿತು. ‘ಸಂದರ್ಶನ ಕೊಡುವವರ ಒಪ್ಪಿಗೆ ಪಡೆದಿದ್ದೀರಾ?’ ಎಂದಿತ್ತು. ಕುಲಕರ್ಣಿಯವರು ಕ್ಯಾಂಟೀನಿನಿಂದ ಇನ್ನೂ ಬಂದಿರಲಿಲ್ಲ. ‘ಹೌದು’ ಒತ್ತಿದೆ. ಇದಕ್ಕೂ ಅವರು ಒಲ್ಲೆ ಅಂದಿರಲಿಲ್ಲವಲ್ಲ.