ಉಜ್ಜಿದರೂ ಹೋಗದ ನೇರಳೆ ಕಲೆ

ಎರಡು ವರ್ಷದ ಹಿಂದೆ, ಪೊಂಗಲ್‌ಗೆ ಇನ್ನೊಂದು ವಾರ ಇದ್ದಾಗ ನಡೆದದ್ದು. ಕೊಯಮತ್ತೂರು ಹತ್ತಿರದ ಅನ್ನೂರಿನಲ್ಲಿ ನಮ್ಮದು ಕನ್ನಡ ಮಾತಾಡುವ ನೇಯ್ಗೆಯವರ ಮನೆ. ಅಕ್ಕ ನಾನು ಮಗ್ಗಕ್ಕೆ ಕೂರುತ್ತೇನೆ, ತಮ್ಮ ಪಳನಿ ಹಿತ್ತಿಲಲ್ಲಿ ನೂಲಿಗೆ ಬಣ್ಣ ಹಾಕುತ್ತಾನೆ. ಆ ವಾರವೆಲ್ಲ ನೇರಳೆ ಬಣ್ಣದ್ದೇ ಆರ್ಡರ್.

ಅಂದು ಬೆಳಿಗ್ಗೆ ಪಳನಿ ಏಳಲೇ ಇಲ್ಲ. ಮೈ ಕೆಂಡದಂತೆ ಸುಡುತ್ತಿತ್ತು, ಎರಡು ಸಲ ವಾಂತಿ ಬೇರೆ. ಹೊದಿಕೆ ಸರಿಸಿದರೆ ಕಾಲಿನ ತುಂಬ ನೇರಳೆ ಚುಕ್ಕೆ! ನನಗೆ ಕೋಪ ನೆತ್ತಿಗೇರಿತು. "ಏನ್ಡಾ ಸೋಂಬೇರಿ, ಕಾಲು ತೊಳೀದೇ ಮಲಗಿದ್ಯಾ?" ಎಂದು ಬೈದು, ಸೋಪು, ತೆಂಗಿನ ನಾರು ತಂದು ಉಜ್ಜಿದೆ. ಅವ್ವ ಸೀಮೆಎಣ್ಣೆ ತಂದುಕೊಟ್ಟಳು. ಒಂದು ಚುಕ್ಕೆಯೂ ಹೋಗಲಿಲ್ಲ. ನಾನು ಉಜ್ಜುತ್ತಿದ್ದಂತೆಯೇ ಪಾದದ ಮೇಲೆ ಹೊಸದೊಂದು ಮೂಡಿತು. "ಅವ್ವಾ, ಇದು ಬಣ್ಣ ಅಲ್ಲ. ಆಟೋ ಕೂಗು!"

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ್ದೇ ತಡ, ಇಂಜೆಕ್ಷನ್ ಕೊಟ್ಟು ಐಸಿಯುಗೆ ಸೇರಿಸಿದರು. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದೆ, ಆ ಚುಕ್ಕೆಗಳು ಚರ್ಮದಡಿ ಒಸರಿದ ರಕ್ತ, ಈಗಲೇ ಏನೂ ಹೇಳಲಾರೆ ಎಂದರು. ಮೂರು ದಿನ ನಾನೂ ಅವ್ವನೂ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ನಾಲ್ಕನೇ ದಿನ ಪಳನಿ ಕಣ್ಣು ಬಿಟ್ಟು ಕಾಫಿ ಕೇಳಿದ. ನಮಗೆ ಹೋದ ಜೀವ ಬಂದಂತಾಯಿತು.

ಡಾಕ್ಟರಮ್ಮ ಮೈಸೂರು ಕಡೆಯವರು. "ಇವರಿಗೆ ಮುಂಚೆ ಹೀಗಾಗಿತ್ತಾ?" ಎಂದು ಕನ್ನಡದಲ್ಲೇ ಕೇಳಿದರು. ಹತ್ತನೇ ಕ್ಲಾಸಿನಲ್ಲಿ ಮೆದುಳು ಜ್ವರ ಬಂದಿತ್ತು ಎಂದೆ. "ನಿಮ್ಮ ಅಪ್ಪ ಅಮ್ಮಂದು ಸಂಬಂಧದಲ್ಲೇ ಮದುವೆಯಾ?"

"ಸ್ವಂತ ಸೋದರಮಾವನ್ನೇ ಕಟ್ಟಿಕೊಂಡೆ ಕಣಮ್ಮಾ. ನಮ್ಮಲ್ಲಿ ಅದೇ ವಳಕ್ಕಂ, ಹಿಂದಿನಿಂದ ಬಂದ ಪದ್ಧತಿ," ಎಂದಳು ಅವ್ವ.

ಆಮೇಲೆ ಅವರು ಬಿಡಿಸಿ ಹೇಳಿದರು. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳಿರುತ್ತವಂತೆ. ಬ್ಯಾಕ್ಟೀರಿಯಾ ನುಗ್ಗಿದರೆ ಕೆಲವು ಅದಕ್ಕೆ ಅಂಟಿಕೊಂಡು, ಹಿಡಿದು ತಿನ್ನಲು ಬಿಳಿ ರಕ್ತಕಣಗಳಿಗೆ ಗುರುತು ತೋರಿಸುತ್ತವೆ. ಕೊನೆಯ ಕೆಲವು ಒಟ್ಟುಗೂಡಿ ಅದರ ಮೈಗೇ ತೂತು ಕೊರೆಯುತ್ತವೆ.

"ಆ ತೂತು ಕೊರೆಯೋ ಪ್ರೋಟೀನುಗಳಲ್ಲಿ ಒಂದು ನಿಮ್ಮ ತಮ್ಮನಿಗೆ ಹುಟ್ಟಿನಿಂದಲೇ ಇಲ್ಲದಿರಬಹುದು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚು, ನೀವೂ ಟೆಸ್ಟ್ ಮಾಡಿಸಿಕೊಳ್ಳಿ."

"ನನಗೇನು ಡಾಕ್ಟರಮ್ಮಾ, ಗುಂಡುಕಲ್ಲಿನ ಹಾಗಿದ್ದೀನಲ್ಲ!" ಎಂದು ನಕ್ಕೆ. ಅವರು ಟೆಸ್ಟಿಗೆ ಚೀಟಿ ಬರೆದುಕೊಟ್ಟರು.

ರಿಪೋರ್ಟ್ ಬಂತು. ತಮ್ಮನಿಗೆ ಇಲ್ಲದ್ದು ನನಗೂ ಇರಲಿಲ್ಲ. ಇಬ್ಬರೂ ಆ ಬ್ಯಾಕ್ಟೀರಿಯಾ ತಡೆಯುವ ಲಸಿಕೆ ಹಾಕಿಸಿಕೊಂಡೆವು. ಈಗ ಸ್ವಲ್ಪ ಜ್ವರ ಬಂದರೂ ಕಷಾಯ, ಕಾಯುವುದು ಒಂದೂ ಇಲ್ಲ, ನೇರ ಆಸ್ಪತ್ರೆಗೆ.

ಅಕ್ಕನೇ ತಮ್ಮನ ಜೀವ ಉಳಿಸಿದಳು ಎಂದು ನೆಂಟರು ಇವತ್ತಿಗೂ ಹೊಗಳುತ್ತಾರೆ. ಕೇಳಲು ಸಂಕಟವಾಗುತ್ತದೆ. ಅವನು ಸಾವಿನ ಬಾಯಿಗೆ ಹೋಗಿ ಬಂದದ್ದರಿಂದ ತಾನೇ ನನ್ನ ರಕ್ತದ ಕೊರತೆ ನನಗೆ ತಿಳಿದದ್ದು? ಅವನಿಂದ ಉಳಿದುಕೊಂಡವಳು ನಾನು.