ಸನ್ಮಾನದ ಕವರು

ನನ್ನ ತಂಗಿಯ ಮಗಳು ಲಾಂಗ್ ಜಂಪ್ ಮಾಡುತ್ತಾಳೆ. ಮೈಸೂರಿನಿಂದ ನ್ಯೂಜೆರ್ಸಿಯ ಕಾಲೇಜೊಂದು ಅವಳನ್ನು ಕರೆಸಿಕೊಂಡದ್ದೇ ಆ ಜಿಗಿತಕ್ಕಾಗಿ. ಫೀಸು, ಹಾಸ್ಟೆಲ್ಲು, ಊಟ ಎಲ್ಲಾ ಕಾಲೇಜಿನದೇ. ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಯಿಂದ ಅವಳ ಹಾಸ್ಟೆಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಅವಳನ್ನು ವಿಮಾನ ಹತ್ತಿಸಿದ ದಿನ ತಂಗಿ ಫೋನ್ ಮಾಡಿ, "ಅಕ್ಕಾ, ನಿನ್ನ ಮಡಿಲಿಗೆ ಹಾಕಿದೀನಿ ಕಣೇ" ಎಂದಿದ್ದಳು. ನಾನು ಮೊದಲೇ ಗಾಬರಿಯ ಹೆಂಗಸು. ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಹೈವೇಯಲ್ಲಿ ಏನಾಯಿತೋ ಎಂದು ಟ್ರಾಫಿಕ್ ಸುದ್ದಿ ಹಾಕಿಕೊಂಡು ಕೂರುವವಳು. ಇನ್ನು ಬೇರೆಯವರ ಮಗಳನ್ನು ಮಡಿಲಿಗೆ ಹಾಕಿಸಿಕೊಂಡರೆ ನಿದ್ದೆ ಎಲ್ಲಿಂದ ಬರಬೇಕು?

ಅವಳು ಬಂದ ಹೊತ್ತಿಗೆ ಇಲ್ಲಿಯ ಕಾಲೇಜು ಆಟಗಳ ಲೋಕವೇ ಬೇರೆಯಾಗಿತ್ತು. ಹಿಂದೆ ಆಟಗಾರರು ಸ್ಕಾಲರ್‌ಶಿಪ್ ಬಿಟ್ಟು ಒಂದು ಕಾಸು ಮುಟ್ಟುವ ಹಾಗಿರಲಿಲ್ಲ. ಈಗ ಅಂಗಡಿ ಕಂಪನಿಗಳ ಜಾಹೀರಾತಿನಲ್ಲಿ ನಿಂತು ಗಳಿಸಬಹುದು, ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. ಇವರನ್ನು ನೌಕರರೆಂದೇ ಒಪ್ಪಿಕೊಳ್ಳಬೇಕೆಂದು ಕೋರ್ಟುಗಳಲ್ಲಿ ವಾದ ನಡೆದಿದೆ. ನಮ್ಮ ಹುಡುಗಿಯ ರೂಮ್‌ಮೇಟು ಹರ್ಡಲ್ಸ್ ಓಡುವವಳು, ಇಲ್ಲಿಯವಳೇ. ಅವಳಿಗೆ ಯಾವುದೋ ಬೂಟಿನ ಅಂಗಡಿಯಿಂದಲೂ ದುಡ್ಡು, ಕಾಲೇಜಿನಿಂದಲೂ ದುಡ್ಡು. ನಮ್ಮವಳಿಗೆ ಮಾತ್ರ ಏನೂ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಓದಬೇಕು, ಅಪ್ಪಣೆಯಿಲ್ಲದೆ ದುಡಿದರೆ ವೀಸಾಕ್ಕೇ ಸಂಚಕಾರ. ಕೋಚು ಮೊದಲ ವಾರವೇ ಪಕ್ಕಕ್ಕೆ ಕರೆದು ಹೇಳಿದ್ದರಂತೆ.

"ಒಂದೇ ಬಸ್ಸು, ಒಂದೇ ಪ್ರಾಕ್ಟೀಸು ದೊಡ್ಡಮ್ಮ," ಎಂದು ಅವಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. "ಅವರಿಗೆ ದುಡ್ಡು ಬಂದ್ರೆ ಕಂಗ್ರಾಟ್ಸು. ನಂಗೆ ಬಂದ್ರೆ ವಾಪಸ್ ಫ್ಲೈಟು."

ನನಗೆ ನಗು ಬರಲಿಲ್ಲ. "ಬಿಡ್ತು ಅನ್ನು," ಎಂದು ಗದರಿಸಿದೆ.

ನಮ್ಮ ಯಜಮಾನರು ಇಲ್ಲಿಯ ಕನ್ನಡ ಸಂಘದ ಕಮಿಟಿಯಲ್ಲಿದ್ದಾರೆ. ಸಂಘವೆಂದರೆ ಅವರಿಗೆ ಊಟ ತಿಂಡಿಯೂ ಬೇಡ. ವಸಂತದಲ್ಲಿ ಹುಡುಗಿ ದೊಡ್ಡ ಮೀಟಿನಲ್ಲಿ ಎರಡನೆಯ ಸ್ಥಾನ ಪಡೆದಾಗಲೇ, ರಾಜ್ಯೋತ್ಸವದಲ್ಲಿ ಇವಳಿಗೆ ಸನ್ಮಾನ ಆಗಲೇಬೇಕೆಂದು ಹಟ ಹಿಡಿದಿದ್ದರು. ಪ್ರಾಯೋಜಕರೂ ಸಿಕ್ಕರು. ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಬೆಲ್‌ರೋಸ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ ನಮ್ಮ ಕಡೆಯವರೊಬ್ಬರು, ಹೆಂಡತಿಯ ಕೈಯಲ್ಲಿ ರುಬ್ಬಿಸಿದ ದೋಸೆ ಹಿಟ್ಟು ಮಾರುವವರು. ಕ್ವೀನ್ಸ್‌ನಿಂದ ಹಿಟ್ಟು ತರಿಸಿಕೊಂಡು ತಿನ್ನುವವರು ನಮ್ಮ ನ್ಯೂಜೆರ್ಸಿಯಲ್ಲೂ ಇದ್ದಾರೆ ಎಂದರೆ ಆ ಹಿಟ್ಟಿನ ಹೆಸರು ಎಷ್ಟಿರಬೇಕು ನೋಡಿ.

ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ. ಹಿಂದೆ ಭುವನೇಶ್ವರಿಯ ಚಿತ್ರ, ಅದರ ಪಕ್ಕಕ್ಕೆ ಅಂಗಡಿಯ ಬ್ಯಾನರ್. ಹುಡುಗಿ ರೇಷ್ಮೆ ಲಂಗ ಉಡುತ್ತೇನೆಂದರೆ ಯಜಮಾನರು ಬೇಡವೆಂದು ಕಾಲೇಜಿನ ಟೀಮ್ ಜಾಕೆಟ್ಟನ್ನೇ ಹಾಕಿಸಿದರು, ಜನಕ್ಕೆ ಗೊತ್ತಾಗಲಿ ಎಂದು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪೇಟ ಇಟ್ಟರು. ಅವಳ ಸಣ್ಣ ತಲೆಗೆ ಅದು ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು. ಕೊನೆಗೆ ಅಂಗಡಿಯವರು ಒಂದು ಕವರು ಅವಳ ಕೈಗಿಟ್ಟು, "ಒಂದೇ ಒಂದು ಫೋಟೋಮ್ಮಾ" ಎಂದು ಇನ್ನೊಂದು ಕೈಗೆ ಹಿಟ್ಟಿನ ಡಬ್ಬಿ ಹಿಡಿಸಿದರು. ನಿರೂಪಕ ಮೈಕಿನಲ್ಲಿ, "ಈ ಹುಡುಗಿ ಇಷ್ಟು ದೂರ ಹಾರೋದು ಯಾತರ ಬಲದಿಂದ ಗೊತ್ತಾ? ಅಂಕಲ್ ಅಂಗಡಿ ದೋಸೆ ಹಿಟ್ಟಿನ ಬಲದಿಂದ!" ಎಂದು ಕೂಗಿದ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ಚಪ್ಪಾಳೆ ತಟ್ಟಿದೆ.

ಕಾರಿನಲ್ಲಿ ಅವಳು ಕವರು ಬಿಚ್ಚಿ ನೋಡಿದಳು. "ದೊಡ್ಡಮ್ಮ, ಇದ್ರಲ್ಲಿ ದುಡ್ಡಿದೆ. ಐನೂರ ಒಂದು ಡಾಲರ್."

"ಸನ್ಮಾನ ಅಂದ್ಮೇಲೆ ಕವರ್ ಇಲ್ದೇ ಇರುತ್ತಾ?" ಎಂದರು ಯಜಮಾನರು. "ದುಡ್ಡು ಅಂತ ಯಾಕ್ ನೋಡ್ತೀಯ? ಆಶೀರ್ವಾದ ಅದು. ಒಂದು ಡಾಲರ್ ಸೇರಿಸಿದಾರೆ ನೋಡು."

ಅವಳು ಕವರನ್ನು ಮತ್ತೆ ಮಡಿಸಿದಳು. ಕೋಚು ಹೇಳಿದ್ದು ನನಗೆ ನೆನಪಾಯಿತು, ಆದರೆ ಬಿಸಿಬೇಳೆಬಾತು ತಿಂದು ಮಂಪರು, ಕಣ್ಣು ಮುಚ್ಚಿಕೊಂಡೆ.

ಆ ಫೋಟೋ ಅಂಗಡಿಯವರ ಪೇಜಿಗೆ ಹೋಯಿತು. ಟೀಮ್ ಜಾಕೆಟ್ಟು, ಪೇಟ, ಕವರು, ಹಿಟ್ಟಿನ ಡಬ್ಬಿ, ಕೆಳಗೆ 'ನಮ್ಮ ಚಾಂಪಿಯನ್ನಿನ ಆಯ್ಕೆ' ಎಂಬ ಸಾಲು. ಆ ರೂಮ್‌ಮೇಟು ಪಾಪ, ಕೆಟ್ಟವಳಲ್ಲ. ಗೆಳತಿಗೂ ಕೊನೆಗೊಂದು ಜಾಹೀರಾತು ಸಿಕ್ಕಿತೆಂದು ಸಂತೋಷಪಟ್ಟು, ಅಭಿನಂದನೆ ಬರೆದು, ಟೀಮಿಗೆಲ್ಲ ಹಂಚಿದಳು. ಕಾಲೇಜಿನಲ್ಲಿ ಆಟಗಾರರ ನಿಯಮಗಳನ್ನು ನೋಡಿಕೊಳ್ಳುವ ಕಚೇರಿಯವರೂ ನೋಡಿದರು. ಸೋಮವಾರ ಬಂದು ಮಾತಾಡಬೇಕು, ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೂ ತಿಳಿಸಬೇಕಾಗುತ್ತದೆ, ಎಂದು ಮೇಲ್ ಬಂತು.

ಹುಡುಗಿ ಫೋನಿನಲ್ಲಿ ಅಳಲಿಲ್ಲ. ಮೇಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, "ನನ್ನ ಕಳಿಸಿಬಿಡ್ತಾರಾ ದೊಡ್ಡಮ್ಮ?" ಎಂದು ಕೇಳಿದಳು. ಆ ಕಾಲೇಜು ಬಿಟ್ಟರೆ ಅವಳಿಗೆ ಓದಿಲ್ಲ. ಅವಳ ಅಪ್ಪ ಅಮ್ಮನ ಕೈಯಲ್ಲಿ ಇಲ್ಲಿಯ ಒಂದು ಸೆಮಿಸ್ಟರಿನ ಫೀಸು ಕಟ್ಟುವುದೂ ಆಗದ ಮಾತು. ವೀಸಾ ಕೆಟ್ಟಿತೆಂದರೆ ಮತ್ತೆ ಬರುವುದೂ ದುಸ್ತರ.

"ಸಂಘ ಸಂಘ ಅಂತ ಕುಣೀತಿದ್ರಲ್ಲ, ಈಗ ಕುಣೀರಿ!" ಎಂದು ಯಜಮಾನರ ಮೇಲೆ ಹರಿಹಾಯ್ದೆ. "ಜಾಕೆಟ್ ಬೇರೆ ಹಾಕ್ಸಿದ್ರಿ!"

"ಒಳ್ಳೇದು ಮಾಡಕ್ ಹೋಗಿದ್ದಲ್ವೇನೇ," ಎಂದರು. ಮುಖ ಬಿಳಿಚಿಕೊಂಡಿತ್ತು. ಪಾಪ ಅನ್ನಿಸಿದರೂ ಅಂದಿನಿಂದ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಭಾನುವಾರ ನಾನೂ ಹುಡುಗಿಯೂ ಬೆಲ್‌ರೋಸ್‌ಗೆ ಹೊರಟೆವು, ಕವರು ವಾಪಸ್ ಕೊಡಲು. ಎರಡು ಸೇತುವೆ ದಾಟಿ, ಬೆಲ್ಟ್ ಪಾರ್ಕ್‌ವೇಯ ಟ್ರಾಫಿಕ್ಕಿನಲ್ಲಿ ತೆವಳಿ, ಹಿಲ್‌ಸೈಡ್ ಅವೆನ್ಯೂನಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ನನಗೆ ತಲೆ ಸಿಡಿಯುತ್ತಿತ್ತು. ಅಂಗಡಿಯೊಳಗೆ ಕಾಲಿಟ್ಟರೆ, ಅಯ್ಯೋ ದೇವರೇ, ಹಿಟ್ಟಿನ ಫ್ರಿಜ್ಜಿನ ಬಾಗಿಲ ಮೇಲೆ ಆಳೆತ್ತರದ ಪೋಸ್ಟರಿನಲ್ಲಿ ನಮ್ಮ ಹುಡುಗಿ ನಗುತ್ತಾ ನಿಂತಿದ್ದಾಳೆ.

ಅಂಗಡಿಯವರು ಸಂಭ್ರಮದಿಂದ ಎದ್ದು ಬಂದರು. ಕವರು ಮುಂದೆ ಹಿಡಿದದ್ದೇ ಮುಖ ಕೆಂಪಗಾಯಿತು. "ಏನ್ ಮೇಡಂ ಇದು? ಸನ್ಮಾನ ಮಾಡಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ? ನಾನೇನು ಇವಳನ್ನ ಕೆಲಸಕ್ಕಿಟ್ಕೊಂಡಿದೀನಾ? ನಮ್ಮ ಹುಡುಗಿ ಅಂತ ಪ್ರೀತಿಯಿಂದ ಕೊಟ್ಟಿದ್ದು. ನಾಲ್ಕು ಜನಕ್ಕೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ವೀಸಾ, ನಿಯಮ ಎಂದೆಲ್ಲ ನಾನು ತೊದಲಿದೆ. ಅವರ ಕಿವಿಗೆ ಹೋಗಲಿಲ್ಲ. ಗಿರಾಕಿಗಳು ತಿರುಗಿ ನೋಡತೊಡಗಿದರು. ಆಗ ಹುಡುಗಿಯೇ ಮುಂದೆ ಬಂದಳು.

"ಅಂಕಲ್, ನೀವು ತಗೊಳ್ದೇ ಇದ್ರೆ ನನ್ನ ಊರಿಗೆ ಕಳಿಸಿಬಿಡ್ತಾರೆ."

ಅವರ ಸಿಟ್ಟೆಲ್ಲ ಜರ್ರನೆ ಇಳಿಯಿತು. ಕವರು ತೆಗೆದುಕೊಂಡರು. ತಾವೇ ಹೋಗಿ ಪೋಸ್ಟರನ್ನು ಕಿತ್ತರು, ಫೋನಿನಲ್ಲಿ ಫೋಟೋ ಅಳಿಸಿದರು, ದುಡ್ಡು ವಾಪಸ್ ಬಂದಿದೆಯೆಂದು ನಾಲ್ಕು ಸಾಲು ಬರೆದುಕೊಟ್ಟರು. ಹೊರಡುವಾಗ ತಡೆಯಲಾರದೆ ಎರಡು ಡಬ್ಬಿ ಹಿಟ್ಟು, ಒಂದು ಪೊಟ್ಟಣ ಚಕ್ಕುಲಿ ಚೀಲಕ್ಕೆ ಹಾಕಿ ಅವಳ ಕಡೆ ಚಾಚಿದರು. "ಇದನ್ನಾದ್ರೂ ತಗೊಂಡು ಹೋಗಮ್ಮಾ."

"ಬೇಡ!" ಎಂದು ನಾನು ಕಿರುಚಿದೆ. ಆ ಮನುಷ್ಯ ಚೀಲ ಹಿಡಿದುಕೊಂಡೇ ನಿಂತಿದ್ದರು.

ಸೋಮವಾರ ಕೆಲಸಕ್ಕೆ ರಜ ಹಾಕಿ ಹುಡುಗಿಯ ಜೊತೆ ನಾನೂ ಕಾಲೇಜಿನ ಕಚೇರಿಗೆ ಹೋದೆ. ನಿಯಮಗಳ ಕಚೇರಿಯ ಅಧಿಕಾರಿ ನನಗೆ ಮಗಳಾಗಬಹುದಾದ ವಯಸ್ಸಿನ ಹೆಂಗಸು, ಮೆದು ಮಾತಿನವಳು. ಅದೇ ನನಗೆ ಇನ್ನಷ್ಟು ದಿಗಿಲು. ಸಿಡುಕುವವರಾದರೆ ಅವರ ಮನಸ್ಸಿನಲ್ಲಿ ಏನಿದೆ ಎಂದಾದರೂ ತಿಳಿಯುತ್ತದೆ. ಶಾಲು, ಪೇಟ ಯಾಕೆ ಎಂದು ಕೇಳಿದಳು, ಹೇಳಿದೆ. ಆಮೇಲೆ ನನ್ನ ಕಡೆಗೇ ತಿರುಗಿ, ನಿಮ್ಮ ಸಂಪ್ರದಾಯದಲ್ಲಿ ಇಂಥ ಕವರು ಕೊಡುವುದು ಗೌರವವೋ, ಅಥವಾ ಕೆಲಸಕ್ಕೆ ಕೊಡುವ ದುಡ್ಡೋ, ಎಂದು ಕೇಳಿದಳು.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೂ ಹೇಳಲು ಹಿಂಜರಿದೆ. ಯಾಕೆಂದರೆ ನನಗೆ ಎರಡೂ ಗೊತ್ತು. ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು ಗಂಡನ ವೀಸಾದ ಬಾಲ ಹಿಡಿದು. ಕೆಲಸ ಮಾಡುವ ಹಾಗಿಲ್ಲ. ಆ ವರ್ಷಗಳಲ್ಲಿ ಸೀಮಂತ, ನಾಮಕರಣ, ಗೃಹಪ್ರವೇಶ ಯಾವುದಿದ್ದರೂ ಒಬ್ಬಟ್ಟು ನನ್ನದೇ. ದಿನವಿಡೀ ಒಲೆಯ ಮುಂದೆ ನಿಂತು ತಟ್ಟುತ್ತಿದ್ದೆ. ಸಂಜೆ ಮನೆಯೊಡತಿ ಕುಂಕುಮವಿಟ್ಟು ತಾಂಬೂಲ ಕೊಡುತ್ತಿದ್ದಳು. ವೀಳ್ಯದೆಲೆಯ ಕೆಳಗೆ ಮಡಿಸಿದ ನೋಟುಗಳಿರುತ್ತಿದ್ದವು, ಕೊನೆಯಲ್ಲೊಂದು ಬಿಡಿ ಡಾಲರು. ಅವಳೂ ಕೂಲಿ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ನಮ್ಮಂಥ ಎಷ್ಟೋ ಹೆಂಗಸರ ಸಂಸಾರಕ್ಕೆ ಅದೇ ಆಸರೆಯಾಗಿತ್ತು. ನನಗೇನೂ ಅದರ ಬಗ್ಗೆ ನಾಚಿಕೆಯಿಲ್ಲ. ಆದರೆ ಆ ಮೆದುಮಾತಿನ ಹೆಂಗಸು ಇದನ್ನೆಲ್ಲ ನನ್ನ ಮುಖದಲ್ಲೇ ಓದಿಬಿಡುತ್ತಾಳೇನೋ ಎಂದು ಬೆವತುಹೋದೆ.

"ಗೌರವ," ಎಂದೆ. "ಬರೀ ಗೌರವ."

ಅಧಿಕಾರಿ ಹುಡುಗಿಯನ್ನು ಕೇಳಿದಳು: ಆ ದುಡ್ಡಿಗೆ ಪ್ರತಿಯಾಗಿ ನೀನು ಏನಾದರೂ ಮಾಡಬೇಕಾಯಿತೇ? ಇಲ್ಲ ಎನ್ನು, ಇಲ್ಲ ಎನ್ನು, ಎಂದು ನಾನು ಒಳಗೇ ಜಪಿಸುತ್ತಿದ್ದೆ. ಹುಡುಗಿ ಸ್ವಲ್ಪ ಯೋಚಿಸಿ, ಕವರು ಕೊಟ್ಟಮೇಲೆ ಹಿಟ್ಟಿನ ಡಬ್ಬಿ ಹಿಡಿದುಕೋ ಅಂದರು, ಹಿಡಿದುಕೊಂಡೆ, ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಅಧಿಕಾರಿ ಅದನ್ನು ಬರೆದುಕೊಂಡಳು. ವಕೀಲರ ಜೊತೆ ಮಾತಾಡಬೇಕು, ಅಲ್ಲಿಯವರೆಗೆ ಪ್ರಾಕ್ಟೀಸ್ ಮಾಡಬಹುದು, ಸ್ಪರ್ಧೆಗೆ ಇಳಿಯುವಂತಿಲ್ಲ ಎಂದಳು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಚಳಿಗಾಲದ ಇಂಡೋರ್ ಮೀಟುಗಳು ಶುರುವಾದವು. ಟೀಮು ಬಸ್ಸು ಹತ್ತಿ ಹೋಗುತ್ತಿತ್ತು, ಇವಳು ಹಾಸ್ಟೆಲ್ಲಿನಲ್ಲಿ ಒಬ್ಬಳೇ. ತಂಗಿ ಫೋನ್ ಮಾಡಿ ಯಾಕೆ ಇವಳ ಹೆಸರು ಎಲ್ಲೂ ಬರುತ್ತಿಲ್ಲವೆಂದು ಕೇಳಿದರೆ, "ಕಾಲು ಸ್ವಲ್ಪ ಉಳುಕಿದೆ ಕಣೇ, ರೆಸ್ಟು" ಎಂದು ಸುಳ್ಳು ಹೇಳುತ್ತಿದ್ದೆ. ಆಮೇಲೆ, ಹಾಗೆ ಹೇಳಿ ನಿಜವಾಗಿ ಉಳುಕಿಬಿಟ್ಟರೆ ಎಂದು ಅದೊಂದು ಹೆದರಿಕೆ. ಹುಡುಗಿಯೂ ಬದಲಾದಳು. ರೂಮ್‌ಮೇಟಿನ ಅಮ್ಮ ಕ್ರಿಸ್‌ಮಸ್ಸಿಗೆ ಕೊಟ್ಟ ಉಣ್ಣೆಯ ಮಫ್ಲರನ್ನು ಕೈಮುಗಿದು ವಾಪಸ್ ಕೊಟ್ಟಳಂತೆ. ಸ್ನೇಹಿತೆಯರು ಕಾಫಿ ಕೊಡಿಸುತ್ತೇವೆಂದರೆ ಬಾಯಾರಿಕೆಯಿಲ್ಲ ಎನ್ನುತ್ತಿದ್ದಳಂತೆ. ಕೇಳಿ ಕರುಳು ಚುರುಕ್ ಎಂದಿತು. ಆದರೂ, "ಒಳ್ಳೇದ್ ಮಾಡ್ದೆ" ಎಂದೆ.

ಹೊಸ ವರ್ಷದ ಮೇಲೆ ಕಚೇರಿಯಿಂದ ಮೇಲ್ ಬಂತು. ದುಡ್ಡು ಕೂಡಲೇ ವಾಪಸಾಗಿದ್ದರಿಂದ ತೊಂದರೆಯಿಲ್ಲ, ವಿಷಯ ಮುಗಿಯಿತು, ಸ್ಪರ್ಧಿಸಬಹುದು. ಕೊನೆಯಲ್ಲಿ ಒಂದು ಎಚ್ಚರಿಕೆ: ಇನ್ನು ಮುಂದೆ ಏನನ್ನಾದರೂ ಮಾಡಿದ್ದಕ್ಕೆ ಪ್ರತಿಯಾಗಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿ, ಸೋಫಾದ ಮೇಲೆ ಕೂತು ಜೋರಾಗಿ ಅತ್ತೆ. ಯಜಮಾನರು ನೀರು ತಂದುಕೊಟ್ಟರು. ಅಂದು ಅವರ ಜೊತೆ ರಾಜಿಯಾಯಿತು.

ಸಂಕ್ರಾಂತಿಗೆ ಹುಡುಗಿ ಮನೆಗೆ ಬಂದಳು. ಬೆಳಗ್ಗೆಯೇ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತು, ಅಡಕೊತ್ತು ಹಿಡಿದು ಎಳ್ಳುಬೆಲ್ಲಕ್ಕೆ ಕೊಬ್ಬರಿ ಬೆಲ್ಲವೆಲ್ಲ ಕತ್ತರಿಸಿಕೊಟ್ಟಳು. ಮಧ್ಯಾಹ್ನ ಊಟವಾದ ಮೇಲೆ ಎದುರು ಕೂರಿಸಿ ಅರಿಶಿನ ಕುಂಕುಮ ಕೊಟ್ಟೆ. ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು. ಹಬ್ಬಕ್ಕೆ ಮನೆಯ ಹೆಣ್ಣುಮಗಳಿಗೆ ಕೊಡುವ ಹಾಗೆ ಒಂದು ನೂರು ಡಾಲರಿನ ನೋಟನ್ನೂ ಇಟ್ಟಿದ್ದೆ.

ಮುಂದೆ ಬಂದ ಅವಳ ಕೈಗಳು ನೋಟು ಕಂಡೊಡನೆ ಹಿಂದಕ್ಕೆ ಹೋದವು.

"ಇದಕ್ಕೆ ನಾನೇನೂ ಕೆಲಸ ಮಾಡಿಲ್ಲ ಅಲ್ವಾ ದೊಡ್ಡಮ್ಮ?"

"ಹುಚ್ಚಿ, ಹಬ್ಬದ ಉಡುಗೊರೆ ಕಣೇ ಇದು. ನೀನೇನು ಮಾಡಿದೀಯ?" ಎಂದು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ಬೆಳಗ್ಗೆಯಿಂದ ಕೂತು ಅಷ್ಟೂ ಕೊಬ್ಬರಿ ಕತ್ತರಿಸಿದವಳು ಅವಳೇ. ಅವಳಿಗೂ ಅದೇ ನೆನಪಾಗಿರಬೇಕು, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆ ನೋಟನ್ನು ತಟ್ಟೆಯಿಂದ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡು, ಬರೀ ಎಳ್ಳುಬೆಲ್ಲವನ್ನು ಅವಳ ಕೈಗಿಟ್ಟೆ.